ಗೇಣು ಹೊಲವಿಲ್ಲದ ಜಮೀನ್ದಾರರು

ನಮ್ಮ ಕಾಕಾನ ಹೆಸರಿನಲ್ಲಿ ಒಂದು ಗೇಣು ಹೊಲವಿಲ್ಲ. ಆದರೂ ಬೀದರಿನಿಂದ ಔರಾದಿನ ತನಕ ಅವರಷ್ಟು ದೊಡ್ಡ ಜಮೀನ್ದಾರರು ಮತ್ತೊಬ್ಬರಿಲ್ಲ! ನಂಬಿಕೆ ಬರಲಿಲ್ಲವೇ? ಒಮ್ಮೆ ಅವರ ಪಕ್ಕ ಕುಳಿತು ಔರಾದ ಬಸ್ಸಿನಲ್ಲಿ ಹೋಗಿ ನೋಡಿ. ಊರು ದಾಟುವುದೇ ತಡ, ಕಿಟಕಿಯತ್ತ ಕೈ ಚಾಚಿ ಶುರು ಮಾಡುತ್ತಾರೆ.

"ನೋಡು, ನಮ್ಮ ತೊಗರಿ ಈ ಸಲ ಹ್ಯಾಂಗ ಕಾಯಿ ಹಿಡದದ! ಅಗೋ, ಅದು ನಮ್ಮ ಜೋಳ. ಏ, ನಮ್ಮ ಕಡ್ಲ್ಯಾಗ ಯಾರ್ದೋ ಎಮ್ಮಿ ಹೊಕ್ಕದ!"

ಮುಂದಿನ ಸೀಟಿನವರು ಭಾರಿ ಗೌರವದಿಂದ ತಿರುಗಿ ನೋಡುತ್ತಾರೆ. ಆಗ ಅವರ ಹೆಂಡತಿ, ನಮ್ಮ ಕಾಕು, ಸೆರಗು ಸರಿಮಾಡಿಕೊಂಡು ತಿದ್ದುಪಡಿ ಹೊರಡಿಸುತ್ತಾರೆ. "ನಮ್ಮ ಹೊಲ ಅಲ್ಲರಿ, ಮಂದಿ ಹೊಲ. ನಮ್ದು ಬೀದರದಾಗ ಎರಡು ಖೋಲಿ ಬಾಡಿಗಿ ಮನಿ."

ಮದುವೆಯಾದಾಗಿನಿಂದ ಕಾಕು ಈ ತಿದ್ದುಪಡಿ ಹೊರಡಿಸುತ್ತಲೇ ಇದ್ದಾರೆ. ಕಾಕಾ ಅದನ್ನು ಇನ್ನೂ ಅಂಗೀಕರಿಸಿಲ್ಲ.

ಅವರ ಕಡೆಯೂ ನ್ಯಾಯವಿದೆ ಅನ್ನಿ. ನೌಕರಿಯುದ್ದಕ್ಕೂ ಅದೇ ದಾರಿಯಲ್ಲಿ ಬಸ್ ಕಂಡಕ್ಟರ್ ಆಗಿದ್ದವರು. ನಮ್ಮ ಕಡೆ ಎಳ್ಳಮಾವಾಸ್ಯೆ ಬಂತೆಂದರೆ ಬೀದರ್ ಪಟ್ಟಣ ಬರಿದಾಗುತ್ತದೆ, ಎಲ್ಲರೂ ಹೊಲದಲ್ಲಿ. ಹೊಲ ಇಲ್ಲದವರನ್ನು ಹೊಲ ಇದ್ದವರು ಕರೆಯಲೇಬೇಕು. ಕಂಡಕ್ಟರನನ್ನು ಕರೆಯದ ಪ್ರಯಾಣಿಕ ಯಾರಿದ್ದಾನೆ? ಒಂದೇ ಹೊಟ್ಟೆ ಇಟ್ಟುಕೊಂಡು ಕಾಕಾ ಆ ದಿನ ಎಷ್ಟು ಹೊಲದ ಕಾಳು-ಸೊಪ್ಪಿನ ಭಜ್ಜಿ ಉಣ್ಣುತ್ತಿದ್ದರೋ ದೇವರೇ ಬಲ್ಲ. ಉಂಡ ಹೊಲವೆಲ್ಲ ನಮ್ಮದು, ಇಷ್ಟೇ ಅವರ ಕಂದಾಯ ಕಾನೂನು!

ಇಂಥವರ ಸಾಮ್ರಾಜ್ಯದೊಳಗೆ ಕೆಂಪು ಬಾವುಟಗಳು ಕಾಣಿಸಿಕೊಂಡವು. ಸಂತಪುರದ ಹತ್ತಿರ ದೊಡ್ಡ ಬಡಾವಣೆ ಬರುತ್ತದಂತೆ. ಗೇಟು, ಕ್ಲಬ್ ಹೌಸು, ಈಜುಕೊಳ, ಎಲ್ಲವೂ ಮಾಣಿಕಪ್ಪನ ಹೊಲದಲ್ಲೇ. ಮಾಣಿಕಪ್ಪ ಕಾಕಾನ ಹಳೆಯ ಪ್ರಯಾಣಿಕ. ಅವನ ಹೊಲದಲ್ಲಿ ಕಾಕಾ, ಕಾಕು ತಪ್ಪದೆ ಎಳ್ಳಮಾವಾಸ್ಯೆ ಮಾಡಿದವರು. ದನಗಳ ದಾರಿ ಮುಚ್ಚುತ್ತದೆ, ಬಾವಿ ಬತ್ತುತ್ತವೆ ಎಂದು ಊರವರೆಲ್ಲ ಬಡಾವಣೆ ಬೇಡ ಎಂದರು. ಮಾಣಿಕಪ್ಪ ಮಾತ್ರ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅಳತೆಯವರು ಬಾವುಟ ನೆಟ್ಟು ಹೋದರೂ ಸುಮ್ಮನೇ ಇದ್ದ. ಅವನು ಹೂಂ ಅಂದರೆ ಎಲ್ಲ ಮುಗಿಯಿತು. ಕಾಕಾನ ನಿದ್ದೆ ಹಾರಿಹೋಯಿತು.

ಮೊದಲು ಬಡಾವಣೆಯವರ ಆಫೀಸಿಗೇ ಹೋದರು. ಬೆಂಗಳೂರು ಕಡೆಯ ಮ್ಯಾನೇಜರು ಗಿರಾಕಿ ಬಂದರೆಂದು ಜ್ಯೂಸು ಕೊಟ್ಟರು. ಕಾಕಾ ಅದನ್ನು ಕೊನೆಯ ಹನಿಯವರೆಗೂ ಕುಡಿದು ಕೇಳಿದರು.

"ಎಲ್ಲಾ ಭೇಷ್ ಅದರಿ. ಎಳ್ಳಮಾಸಿಗಿ ಚರಗಾ ಎಲ್ಲಿ ಚೆಲ್ಲಬೇಕ್ರಿ?"

ಹಬ್ಬದ ದಿನ ಅಡುಗೆಯನ್ನು ಹೊಲದ ಸುತ್ತ ಚೆಲ್ಲಿ ಭೂಮಿತಾಯಿಗೆ ಉಣಿಸುವುದೇ ಚರಗ. ಮ್ಯಾನೇಜರಿಗೆ ಅದೇನೆಂದು ಎಲ್ಲಿ ಗೊತ್ತು? ನಕಾಶೆಯನ್ನು ಮೇಲೆ ಕೆಳಗೆ ನೋಡಿ, "ಏನೇ ಚೆಲ್ಲೋದಿದ್ರೂ ಹಿಂದೆ ಡಸ್ಟ್‌ಬಿನ್ ವ್ಯವಸ್ಥೆ ಇದೆ ಸರ್" ಎಂದರು!

ಆಮೇಲೆ ಸರಕಾರಿ ಕಚೇರಿಯಲ್ಲಿ ಆಕ್ಷೇಪಣೆ ಕೇಳುವ ದಿನ ಬಂತು. ಊರವರ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಯಾರು? ನಮ್ಮ ಜಮೀನ್ದಾರರೇ!

"ನಿಮ್ಮ ಸರ್ವೆ ನಂಬರ್ ಹೇಳ್ರಿ" ಎಂದರು ಸಾಹೇಬರು.

"ನಂಬರ್ ಇಲ್ರಿ. ಹೊಲನೂ ಇಲ್ರಿ."

"ಮತ್ತ ನಿಮಗೇನ್ರಿ ಸಂಬಂಧ?"

"ಉಂಡ ಸಂಬಂಧರಿ!"

ಕಚೇರಿಯೇ ನಕ್ಕಿತು. ಉಂಡ ಸಂಬಂಧ ಬರೆಯಲು ಕಾಗದದಲ್ಲಿ ಜಾಗವಿಲ್ಲ ಎಂದು ಸಾಹೇಬರು ಕೈ ಚೆಲ್ಲಿದರು. ಮನೆಗೆ ಬಂದಾಗ ಕಾಕು, "ಮಂದಿ ಹೊಲದ ಸಲುವಾಗಿ ನಗೆಪಾಟಲು ಆಗಿ ಬಂದ್ರೇನ್ರಿ?" ಎಂದು ಬಿಸಿ ರೊಟ್ಟಿ ಬಡಿಸಿದರು. ಕಾಕಾ ಅಂದು ರೊಟ್ಟಿಯನ್ನೂ ಸರಿಯಾಗಿ ಉಣ್ಣಲಿಲ್ಲ. ನನಗೆ ನಿಜವಾಗಿಯೂ ಕೆಡುಕೆನಿಸಿತು.

ಆದರೆ ಸೋತು ಕೂರುವ ಜಾತಿಯೇ ಅದು? ಎಳ್ಳಮಾವಾಸ್ಯೆಗೆ ಆ ಮ್ಯಾನೇಜರನ್ನೇ ಊಟಕ್ಕೆ ಕರೆದುಬಿಟ್ಟರು. ಎಲ್ಲಿಗೆ? ಮಾಣಿಕಪ್ಪನ ಹೊಲಕ್ಕೆ! ಮಾಣಿಕಪ್ಪನನ್ನು ಕೇಳಿದ್ದರೇ? ತಮ್ಮ ಹೊಲಕ್ಕೆ ಕರೆಯಲು ಯಾರನ್ನು ಕೇಳಬೇಕು!

ಮ್ಯಾನೇಜರು ಭಜ್ಜಿ ಎಂದರೆ ಮೆಣಸಿನಕಾಯಿ ಭಜ್ಜಿ ಅಂದುಕೊಂಡು ಬಂದಿದ್ದರು. ಜೋಳದ ದಂಟಿನ ಕೊಂಪೆಯ ಮುಂದೆ ನಿಂತು, "ಬಿಸಿ ಬಿಸಿ ಕರೀತಿದ್ದೀರಾ?" ಎಂದು ಗಡಿಗೆಯಲ್ಲಿ ಇಣುಕಿದರೆ ಒಳಗೆ ಹಸಿರು ಮುದ್ದೆ!

"ಇದೇನಿದು? ಏನೇನು ಹಾಕಿದ್ದೀರಾ?"

ಮಾಣಿಕಪ್ಪನ ಹೆಂಡತಿ ಹೊಲದತ್ತ ಕೈ ತೋರಿಸಿದಳು. "ತೊಗರಿಕಾಯಿ ಆ ಬಾವುಟದ ಬಾಜೂದ್ದರಿ. ಮೆಂತ್ಯಾ ಈ ಬಾವುಟದ ಬುಡದ್ದು. ಹಸಿ ಕಡ್ಲಿ ಅಲ್ಲಿ ನಡುವಿಂದ್ರಿ."

"ಅಂದ್ರ ಗೇಟು, ಕ್ಲಬ್ ಹೌಸು, ಈಜುಕೊಳ" ಎಂದು ಕಾಕಾ ಬೆರಳು ಮಡಚಿದರು. "ನಿಮ್ಮ ನಕಾಶಿ ಪೂರಾ ಗಡಗ್ಯಾಗ ಅದರಿ ಸಾಹೇಬ್ರ!"

ಎಲ್ಲರೂ ನಕ್ಕರು. ಮಾಣಿಕಪ್ಪ ನಗಲಿಲ್ಲ. ಹೆಂಡತಿ ಕೈ ತೋರಿಸಿದ ಕಡೆಗೇ ಬಹಳ ಹೊತ್ತು ನೋಡುತ್ತ ನಿಂತ. ಆಮೇಲೆ ಹೋಗಿ ಹತ್ತಿರದ ಬಾವುಟ ಕಿತ್ತು ತಂದು, ಕೋಲನ್ನು ಮುರಿದು, ಮೂರು ಕಲ್ಲಿನ ಒಲೆಗೆ ತುರುಕಿದ.

"ಸಾಹೇಬ್ರು ಬಿಸಿ ಕೇಳ್ಯಾರ" ಎಂದ. ಮತ್ತೆ ಮ್ಯಾನೇಜರ ಕಡೆ ತಿರುಗಿ ಮೆಲ್ಲಗೆ, "ತಪ್ಪು ತಿಳೀಬ್ಯಾಡ್ರಿ. ನಾ ಹೊಲ ಕೊಡಂಗಿಲ್ರಿ. ಉಂಡು ಹೋಗ್ರಿ" ಎಂದ.

ಮ್ಯಾನೇಜರು ಪಾಪ, ಒಳ್ಳೆಯ ಮನುಷ್ಯ. ಹಸಿದಿದ್ದರು. ಗಡಿಗೆಗೆ ಕೈ ಚಾಚಿದಾಗ ಕಾಕು ತಡೆದರು. "ತಡೀರಿ. ಮೊದಲ ಭೂಮಿತಾಯಿ ಉಣ್ಣಬೇಕು."

ಚರಗದ ಬುಟ್ಟಿ ತುಂಬಿಸಿದರು. ಅದನ್ನು ಹೊತ್ತು ಹೊಲದ ಯಜಮಾನ ಮುಂದೆ ನಡೆಯಬೇಕು, ಹಿಂದೆ ಅವನ ಹೆಂಡತಿ ನೀರು ಚಿಮುಕಿಸಬೇಕು. ಮಾಣಿಕಪ್ಪ ಬುಟ್ಟಿ ಎತ್ತಿದವನೇ ಕಾಕಾನ ಕೈಗಿಟ್ಟ.

"ಹಿಡೀರಿ ಕಾಕಾ. ಈ ಸಲ ಹೊಲದವರೇ ಚೆಲ್ಲಲಿ."

ಬಸ್ಸಿನ ತುಂಬ ಹೊಲ ಹಂಚುತ್ತ ಬಂದ ಕಾಕಾ ಬುಟ್ಟಿಯನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಚಪ್ಪಲಿ ಬಿಟ್ಟು ಬದುವಿನ ಮೇಲೆ ಹೊರಟರು, ಕಣ್ಣು ಮಂಜಾಗಿತ್ತೋ ಏನೋ, ಸಣ್ಣಗೆ ಎಡವಿದರು. ಕಾಕು ನೀರಿನ ತಂಬಿಗೆ ಹಿಡಿದು ಹಿಂದೆಯೇ ಇದ್ದರು. ಈಗ ತಿದ್ದುಪಡಿ ಬರುತ್ತದೆ ಎಂದು ನಾನು ಕಾದೆ.

"ಸಾವಕಾಶ ನಡೀರಿ" ಎಂದರು ಕಾಕು. "ನಮ್ಮ ಹೊಲಾ ಎಲ್ಲೀ ಓಡಿ ಹೋಗಂಗಿಲ್ಲ."