ಐದು ಪಕ್ಷ, ಒಂದು ಕೂಸು

'ಆಗಲ್ಲ' ಅನ್ನೋ ಮಾತೊಂದು ಬಾಯಿಗೆ ಬಂದಿದ್ದರೆ ದರ್ಜಿ ನೂಹುಮ್‌ಗೆ ಈ ಫಜೀತಿಯೇ ಇರುತ್ತಿರಲಿಲ್ಲ. ಆದರೆ ಕೇಳಿದವರು ಗುದ್ದಲಿ ಪಕ್ಷದ ಮುಖಂಡರು, ಅವನಿಗೆ ಅಕ್ಷರ ಕಲಿಸಿದ ತ್ರಾವೊರೆ ಮೇಷ್ಟ್ರು.

"ಗದ್ದುಗೆ ಹಿಡಿದ ಜನರಲ್ಲು ಸಭೆ ಗಿಭೆ ಎಲ್ಲಾ ನಿಷೇಧ ಮಾಡಿದಾನಪ್ಪ. ಇಡೀ ಬಮಾಕೋದಲ್ಲಿ ನಮ್ಮ ಐದು ಪಕ್ಷ ಒಟ್ಟಿಗೆ ಕೂರೋಕೆ ಜಾಗ ಇಲ್ಲ. ನಾಳೆ ಬೆಳಗ್ಗೆ ನಿನ್ನ ಅಂಗಳ ಕೊಡು. ಯಾರಾದ್ರೂ ಕೇಳಿದ್ರೆ ನಾಮಕರಣ ಅಂದ್ರಾಯ್ತು."

"ಮೇಷ್ಟ್ರೇ, ನನಗೆ ಮದುವೇನೇ ಆಗಿಲ್ಲ!"

"ಅದನ್ನ ಸಿಪಾಯಿಗಳು ಕೇಳ್ತಾರಾ?"

ಸಿಪಾಯಿಗಳು ಕೇಳದಿದ್ದರೂ ಕೇಳುವವರಿದ್ದರು. ಮೂವತ್ತೆಂಟನೇ ವಯಸ್ಸಿಗೆ ಹೇಗೋ ಒಂದು ಸಂಬಂಧ ಕೂಡಿಬಂದಿತ್ತು. ಹೆಣ್ಣು ಕೇಳಲು ನದಿಯಾಚೆಯ ಸಾಲಿ ಅನ್ನೋ ಹುಡುಗಿಯ ಮನೆಗೆ ಹತ್ತು ಕೋಲಾ ಕಾಯಿ ಹೋಗಿತ್ತು. ಹೆಣ್ಣಿನವರು ಇಟ್ಟುಕೊಂಡರೆ ಮದುವೆ, ಹಿಂದಕ್ಕೆ ಕಳಿಸಿದರೆ ಅಲ್ಲಿಗೆ ಮುಗಿಯಿತು. ಭಾನುವಾರದವರೆಗೆ ಕಾಯಿ ವಾಪಸ್ಸು ಬರದಿದ್ದರೆ ಸಾಕು ಅಂತ ಅವನು ದಿನ ಎಣಿಸುತ್ತಿದ್ದ.

ಮರುದಿನ ಬೆಳಗಾಗುತ್ತಲೇ ಗಂಜಿ ಹಾಕಿ ಇಸ್ತ್ರಿ ಮಾಡಿದ ನಿಲುವಂಗಿಗಳಲ್ಲಿ ಐವರು ಮುಖಂಡರೂ ಬಂದು ಕೂತರು. ಪಕ್ಕದ ಮನೆಯ ಬತೋಮಾ ಗೋಡೆ ಮೇಲಿಂದ ಕತ್ತು ಚಾಚಿದಳು.

"ಏನೋ ಇದು, ಇಷ್ಟೊಂದು ದೊಡ್ಡವರು?"

"ನಾಮಕರಣ ಅಕ್ಕಾ."

"ಅಯ್ಯೋ ಕಳ್ಳ ನನ್ಮಗನೇ! ಯಾವಾಗ್ಲೋ? ಯಾರೋ ಅವಳು?"

ಸಜ್ಜೆ ಗಂಜಿಯ ಗಡಿಗೆಯನ್ನು ಗೋಡೆಯಾಚೆಯಿಂದ ದಾಟಿಸಿ ಓಡಿದಳು, ಬೀದಿಗೆಲ್ಲಾ ಹೇಳಬೇಕಲ್ಲ. ಸಂತೆಗೆ ಹೋಗುವ ಹೆಂಗಸರು ಸೇತುವೆ ದಾಟುವ ಮೊದಲೇ ಸುದ್ದಿ ದಾಟಿತು.

ಇತ್ತ ಅಂಗಳದಲ್ಲಿ ಜನರಲ್‌ನನ್ನು ಗದ್ದುಗೆಯಿಂದ ಇಳಿಸುವ ವಿಷಯ ಐದೇ ನಿಮಿಷದಲ್ಲಿ ತೀರ್ಮಾನವಾಯಿತು. ಹೇಳಿಕೆಯ ಕೆಳಗೆ ಯಾರ ಹೆಸರು ಮೊದಲು ಅನ್ನುವುದಕ್ಕೆ ಮೂರು ಗಂಟೆಯಾದರೂ ಬಗೆಹರಿಯಲಿಲ್ಲ. ಸಿಂಹ ಪಕ್ಷದ ಕಾಸುಮ್ ಎರಡು ಸಲ ಎದ್ದು ಹೊರಟ, ಎರಡು ಸಲ ಗಂಜಿಗೆಂದು ವಾಪಸ್ಸು ಬಂದ.

ಅಷ್ಟರಲ್ಲಿ ಗೋಡೆಯ ಮೇಲೆ ಮತ್ತೆ ಬತೋಮಾ. "ಲೋ, ಕ್ಯಾಪ್ಟನ್ ಒಬ್ಬ ನಿನ್ನ ಮನೆ ಕೇಳ್ಕೊಂಡು ಬರ್ತಿದಾನೆ!"

ನೂಹುಮ್ ಗೋಡೆಯ ಬಳಿಗೆ ಓಡಿದ. "ಅಕ್ಕಾ, ಕೂಸೂ ಇಲ್ಲ ಏನೂ ಇಲ್ಲ, ಇದು ಸಭೆ! ನಿಮ್ಮ ಮೊಮ್ಮಗನ್ನ ಕೊಡಿ, ಬೇಗ!"

"ನಿನ್ನ ಮನೆ ಹಾಳಾಗ! ಊರಿಗೆಲ್ಲಾ ಹೇಳ್ಬಿಟ್ಟೆನಲ್ಲೋ!"

ಗೋಡೆ ದಾಟಿ ಬಂದದ್ದು ಏಳು ತಿಂಗಳ ಗುಂಡುಗೂಸು. ಏಳನೇ ದಿನಕ್ಕೆ ನಾಮಕರಣವಾಗಬೇಕಾದ ಕೂಸಿಗೆ ಎರಡು ಹಲ್ಲು! ಕ್ಯಾಪ್ಟನ್ ಬಂದು ಕೂತ, ಒಂದು ಬಟ್ಟಲು ಗಂಜಿ ಕುಡಿದ, ಹಲ್ಲು ನೋಡಿದ.

"ಕೂಸು ಯಾರದು?"

ತನ್ನದಲ್ಲ ಅಂದರೆ ಮೇಷ್ಟ್ರು ಜೈಲಿಗೆ. ಅವರ ಬಡಕಲು ಭುಜ ನೋಡಿದ ನೂಹುಮ್ ಕೂಸನ್ನು ತೊಡೆಗೆ ಎಳೆದುಕೊಂಡ. "ನಂದೇ ಸಾಹೇಬ್ರೇ."

"ಹಿರಿಯರು ನೀವು ಹೇಳಿ. ನಿಜವಾ?"

"ಇವನದೇ!" ಅಂದರು ಐವರೂ ಒಂದೇ ಉಸಿರಿಗೆ.

"ಮೂಗು ನೋಡಿ, ಥೇಟ್ ಇವನದೇ," ಅಂದರು ಮೇಷ್ಟ್ರು.

"ಹಳ್ಳೀಲಿ ಇನ್ನೂ ಎರಡಿವೆ," ಅಂತ ಕಾಸುಮ್ ಒಗ್ಗರಣೆ ಹಾಕಿದ.

ಕ್ಯಾಪ್ಟನ್ ನಿಟ್ಟುಸಿರು ಬಿಟ್ಟು ಜೇಬಿನಿಂದ ಒಂದು ಗಂಟು ತೆಗೆದು ನೂಹುಮ್‌ನ ಕೈಗಿಟ್ಟ. ಒಳಗೆ ಹತ್ತು ಕೋಲಾ ಕಾಯಿ.

"ನಿಮ್ಮ ಸಭೆ ಕಟ್ಕೊಂಡು ನನಗೇನು, ನಾನು ರಜದ ಮೇಲೆ ಬಂದೋನು. ನಾನು ಸಾಲಿಯ ಸೋದರಮಾವ. ಸಂತೆ ಸುದ್ದಿ ಕೇಳಿ ನಮ್ಮಕ್ಕ, ನಿಜವಾದ್ರೆ ಕಾಯಿ ವಾಪಸ್ಸು ಕೊಟ್ಟು ಬಾ ಅಂದ್ಲು. ಬರೀ ಗಾಳಿಮಾತು ಅಂತಲೇ ಬಂದೆ, ಹಲ್ಲು ನೋಡಿದ ಮೇಲಂತೂ ನಂಬಲೇ ಇಲ್ಲ. ಆದ್ರೆ ಐದು ಪಕ್ಷದೋರು ಒಂದೇ ಮಾತು ಹೇಳಿದ್ದು ನಾನು ಹುಟ್ಟಿದ ಮೇಲೆ ಇದೇ ಮೊದಲು. ಇನ್ನು ಸುಳ್ಳಾಗೋಕೆ ಸಾಧ್ಯನಾ?"

ಅವನು ಹೋದದ್ದೇ ತಡ, ಮುಖಂಡರು ಒಬ್ಬರನ್ನೊಬ್ಬರು ತಬ್ಬಿಕೊಂಡರು. "ಒಗ್ಗಟ್ಟು ಅಂದ್ರೆ ಇದು!"

"ಮೇಷ್ಟ್ರೇ, ಸಾಲಿ ಮನೆಗೆ ಹೋಗಿ ನಿಜ ಹೇಳಿ," ಅಂತ ನೂಹುಮ್ ಅಳುಮೋರೆ ಮಾಡಿದ.

"ಹೇಳದೆ ಇರ್ತೀವಾ? ಐದೂ ಜನ ಈಗಲೇ ಹೊರಡೋಣ."

"ಹೊರಡೋಣ," ಅಂದ ಕಾಸುಮ್. "ಆದ್ರೆ ಅಲ್ಲಿ ಮೊದಲು ಮಾತಾಡೋನು ನಾನು."

"ಅದು ಹೇಗಾಗುತ್ತೆ?" ಅಂದರು ಮೇಷ್ಟ್ರು.

ಐವರೂ ಮತ್ತೆ ಕೂತರು. ನೂಹುಮ್ ಒಂದು ಕಾಯಿ ಒಡೆದು ಬಾಯಿಗೆ ಹಾಕಿಕೊಂಡ. ತೊಡೆಯ ಮೇಲಿದ್ದ ಕೂಸು ಅವನ ಬೆರಳು ಕಚ್ಚುತ್ತಾ ಹಾಯಾಗಿ ಒದ್ದೆ ಮಾಡಿತು.