ಬಾಯಿಗಿಡದ ಸಾರು

ಬೀಗರ ಊಟ ಶುಕ್ರವಾರ ಎಂದಾಗಲೇ ಇನ್ನಾಸಪ್ಪ ಆಗೋದಿಲ್ಲ ಎನ್ನಬೇಕಿತ್ತು.

ಹುಣಸೂರಿನ ಸುತ್ತಮುತ್ತ ಬಾಡೂಟಕ್ಕೆ ಅವನಷ್ಟು ಹೆಸರು ಮಾಡಿದ ಅಡುಗೆಯವನಿಲ್ಲ. ಸೌಟಿನಿಂದ ಒಂದು ತೊಟ್ಟು ಸಾರು ಅಂಗೈಗೆ ಬಿಟ್ಟುಕೊಂಡು, ನೆಕ್ಕಿ, "ಉಪ್ಪು ಇನ್ನೊಂದು ಹಿಡಿ" ಎಂದನೆಂದರೆ ಮುಗಿಯಿತು. ಆದರೆ ಇದು ತಪಸ್ಸುಕಾಲ. ಈಸ್ಟರ್‌ಗೆ ಮುಂಚಿನ ಈ ನಲವತ್ತು ದಿನಗಳಲ್ಲಿ ಶುಕ್ರವಾರ ಮಾಂಸ ಬಾಯಿಗಿಡುವುದಿಲ್ಲವೆಂದು ಅವನು ಚರ್ಚಿನಲ್ಲಿ ಮಂಡಿಯೂರಿ ಮಾತು ಕೊಟ್ಟಿದ್ದ. ಹೋದ ವರ್ಷವೂ ಕೊಟ್ಟಿದ್ದ. ಅದು ಎರಡನೇ ಶುಕ್ರವಾರಕ್ಕೇ ಮುರಿದುಬಿದ್ದು, ಫಾದರ್ ಮುಂದೆ ತಲೆ ತಗ್ಗಿಸಬೇಕಾಗಿ ಬಂದಿತ್ತು.

ದೊಡ್ಡಬೀರಯ್ಯ ಹಳೆಯ ಪರಿಚಯ. ಮಗಳು ರಮ್ಯಾಳ ಮದುವೆ. ಇಲ್ಲ ಎನ್ನಲಾಗಲಿಲ್ಲ.

"ಅಡುಗೆ ಮಾಡ್ತೀನಿ ಅಣ್ಣ, ಬಾಯಿಗೆ ಮಾತ್ರ ಇಡಲ್ಲ. ನಂದು ವ್ರತ."

"ಅದಕ್ಕೇನ್ಲಾ! ಯಾವ ದೇವ್ರಾದ್ರೂ ವ್ರತ ವ್ರತಾನೇ. ರುಚಿ ನೋಡಾಕೆ ನಮ್ಮೋರಿಲ್ವಾ?"

ಅವರಿದ್ದದ್ದೇ ತೊಂದರೆಯಾಯಿತು.

ಬೆಳಿಗ್ಗೆ ಹನ್ನೊಂದಕ್ಕೆ ಸಾರು ಕುದಿಯುತ್ತಿತ್ತು. ಮೊದಲು ಬಂದವರು ದೊಡ್ಡಬೀರಯ್ಯನ ಅಕ್ಕ ಸಾಕಮ್ಮ. ಒಂದು ಲೋಟ ಕುಡಿದು, "ಸಪ್ಪೆ ಕಣಪ್ಪ, ಉಪ್ಪೇ ಇಲ್ಲ" ಎಂದರು. ಇನ್ನಾಸಪ್ಪ ಎರಡು ಹಿಡಿ ಹಾಕಿದ.

ಆಮೇಲೆ ಪಕ್ಕದ ಮನೆಯ ಹುಚ್ಚಯ್ಯ ಬಂದರು. "ಅಯ್ಯಯ್ಯೋ, ಉಪ್ಪಿನ ಮೂಟೇನೇ ಸುರಿದಿದ್ದೀಯಲ್ಲೋ!" ಇನ್ನಾಸಪ್ಪ ಎರಡು ಬಕೆಟ್ ನೀರು ಸುರಿದ.

ಸಾಕಮ್ಮ ಇನ್ನೊಂದು ಲೋಟ ಕುಡಿದರು. "ಈಗ ಮೊದ್ಲಿಗಿಂತ ಸಪ್ಪೆ."

ನಾಲ್ಕು ಹಿಡಿ ಉಪ್ಪು ಬಿತ್ತು.

ಆರತಿ ತಟ್ಟೆ ಹಿಡಿದು ಆ ದಾರಿಯಲ್ಲಿ ಬಂದ ದೊಡ್ಡಬೀರಯ್ಯನ ಹೆಂಡತಿ ಬೀರಮ್ಮ ಕೇಳಿದರು: "ಯಾರು ರುಚಿ ನೋಡಿದ್ದು? ಸಾಕಮ್ಮತ್ತಿಗೇನಾ? ಅವರ ಬಾಯಲ್ಲಿ ಮೂರೊತ್ತೂ ಹೊಗೆಸೊಪ್ಪು, ರುಚಿ ಎಲ್ಲಿ ಗೊತ್ತಾಯ್ತದೆ? ಹುಚ್ಚಯ್ಯಂಗೆ ಬಿಪಿ, ಎರಡು ವರ್ಷದಿಂದ ಉಪ್ಪೇ ಮುಟ್ಟಿಲ್ಲ."

"ನೀವಾದ್ರೂ ನೋಡಿ ಅಕ್ಕ!"

"ನಂಗೂ ಶುಕ್ರವಾರ ಕಣಪ್ಪ. ಬಾಡು ಮುಟ್ಟಾಂಗಿಲ್ಲ."

ಅಷ್ಟರಲ್ಲಿ ಪಿರಿಯಾಪಟ್ಟಣದ ಬೀಗರ ಬಸ್ಸು ಬಂದು ಹಾರನ್ ಹೊಡೆಯಿತು. ಊಟಕ್ಕೆ ಒಟ್ಟು ಐನೂರು ಜನ. ಮೂವತ್ತು ವರ್ಷದ ಹೆಸರು. ಇನ್ನಾಸಪ್ಪನಿಗೆ ಅಳು ಬಂದಂತಾಯಿತು.

ಅವನು ಸೌಟಿನಲ್ಲಿ ಸಾರು ತೆಗೆದುಕೊಂಡು ಶಾಮಿಯಾನದ ಹಿಂದಕ್ಕೆ ಹೋದ. ಶಿಲುಬೆ ಗುರುತು ಹಾಕಿಕೊಂಡ. ಬೇಲಿಯ ಕಡೆ ತಿರುಗಿ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿದ. ಕಣ್ಣಲ್ಲಿ ನೀರು ಬಂದದ್ದು ಪಶ್ಚಾತ್ತಾಪಕ್ಕಲ್ಲ, ಉಪ್ಪಿಗೆ. ಗಡಿಬಿಡಿಯಲ್ಲಿ ಕಾಯಿ ಅರೆಸಿದ, ಟೊಮೆಟೊ ಹಾಕಿಸಿದ, ಮತ್ತೆ ಕುದಿಸಿದ. ಮುರಿದದ್ದು ಹೇಗೂ ಮುರಿದಿದೆ ಎಂದು ಇನ್ನೊಮ್ಮೆ ನೆಕ್ಕಿದ. ಸರಿಹೋಗಿತ್ತು.

ಬೀಗರು ಎಲೆಗೆ ಮೂರು ಮೂರು ಸಲ ಸಾರು ಬಿಡಿಸಿಕೊಂಡರು. ವರನ ತಂದೆ ಕಾಂತರಾಜು, "ಯಾರ್ರೀ ಇದನ್ನ ಮಾಡಿದ್ದು?" ಎಂದು ಕೈ ತೊಳೆಯದೆ ಎದ್ದು ಬಂದರು.

ದೊಡ್ಡಬೀರಯ್ಯನ ಕೈಗೆ ಮೈಕು ಸಿಕ್ಕಿತು. "ನಮ್ಮ ಇನ್ನಾಸಪ್ಪ! ಒಂದು ತೊಟ್ಟೂ ಬಾಯಿಗಿಡದೆ ಮಾಡವ್ನೆ. ಭಕ್ತಿ ಅಂದ್ರೆ ಇದು ಕಣ್ರಪ್ಪಾ!" ಎನ್ನುತ್ತ ಬೀಗರಿಗೆಂದು ತಂದ ಶಾಲನ್ನು ಅವನಿಗೇ ಹೊದಿಸಿದ.

"ಅಣ್ಣ, ನಿಜ ಹೇಳ್ಬೇಕಂದ್ರೆ..." ಎಂದ ಇನ್ನಾಸಪ್ಪ.

"ನೋಡಿ, ಹೊಗಳಿಸ್ಕೊಳ್ಳಾಕೂ ನಾಚ್ಕೆ!"

ಐನೂರು ಜನ ಚಪ್ಪಾಳೆ ತಟ್ಟಿದರು.

"ಬರೋ ಶುಕ್ರವಾರ ನಮ್ಮೂರಲ್ಲಿ ನಮ್ಮ ಕಡೆಯ ಊಟ," ಎಂದರು ಕಾಂತರಾಜು. "ನೀವೇ ಬರ್ಬೇಕು."

"ಭಾನುವಾರ ಇಟ್ಕೊಳ್ಳಿ ಸ್ವಾಮಿ," ಎಂದು ಇನ್ನಾಸಪ್ಪ ಅಂಗಲಾಚಿದ.

"ಬ್ಯಾಡಿ. ಭಾನುವಾರ ನೀವು ಬಾಯಿಗಿಡ್ತೀರಿ, ಈ ಕೈಗುಣ ಬರಲ್ಲ."

ಹುಚ್ಚಯ್ಯ ಮುಂದೆ ಬಂದು ಅವನ ಬೆನ್ನು ತಟ್ಟಿದರು. "ಎದ್ರುಕೋಬ್ಯಾಡ ಕಣೋ. ನಿನ್ನ ವ್ರತ ಕೆಡದಂಗೆ ನಾನೂ ಸಾಕಮ್ಮನೂ ಬಂದು ಪಾತ್ರೆ ಪಕ್ಕಾನೇ ಕೂತಿರ್ತೀವಿ. ರುಚಿ ನಾವೇ ನೋಡ್ತೀವಿ."

ಇನ್ನಾಸಪ್ಪ ಬಲಗೈಯನ್ನು ಶಾಲಿನೊಳಕ್ಕೆ ಎಳೆದುಕೊಂಡ. ಅಂಗೈ ಇನ್ನೂ ಮಸಾಲೆ ವಾಸನೆ ಹೊಡೆಯುತ್ತಿತ್ತು.