ಮಂಡಿಯ ಉಬ್ಬಿಗೆ ಅಪ್ಪನ ಹೆಬ್ಬೆರಳು

"ಉಬ್ಬಿದ್ದನ್ನ ತಗ್ಗಿಸೋದೇ ನನ್ನ ಕಸುಬು. ನಾನಿರುವಾಗ ಮಗಳ ಮಂಡಿಗೆ ಡಾಕ್ಟರ್ ಯಾಕೆ?"

ಗುದ್ದಿಸಿಕೊಂಡು ಬಂದ ಕಾರುಗಳನ್ನು ತಟ್ಟಿ ನೆಟ್ಟಗೆ ಮಾಡುವ ಡೆಂಟಿಂಗ್ ಮೇಸ್ತ್ರಿ ಹೀಗೆ ಘೋಷಿಸಿದಾಗ ಅವನ ಎದೆ ಬಾನೆಟ್ಟಿನಷ್ಟು ಅಗಲವಾಗಿತ್ತು! ಮಗಳು ವಾಲಿಬಾಲ್ ಆಟಗಾರ್ತಿ. ಹದಿಮೂರಕ್ಕೇ ಅಪ್ಪನ ಭುಜ ದಾಟಿದ್ದಳು. ಈಚೆಗೆ ಅವಳಿಗೆ ಜಿಗಿದರೆ ನೋವು, ಮೆಟ್ಟಿಲು ಹತ್ತಿದರೆ ನೋವು. ಮಂಡಿಚಿಪ್ಪಿನ ಕೆಳಗೆ ಅರ್ಧ ನಿಂಬೆಹಣ್ಣಿನಂಥ ಉಬ್ಬು ಬೇರೆ.

"ಬಿದ್ಯಾ?"

"ಇಲ್ಲಪ್ಪ."

"ಯಾರಾದ್ರೂ ಒದ್ರಾ?"

"ಇಲ್ಲಪ್ಪ, ತಾನಾಗೇ ಬಂತು."

"ಏನೂ ತಾಗದೆ ಗಾಡಿ ನಜ್ಜುಗುಜ್ಜಾಗತ್ತಾ? ಬರೀ ಸುಳ್ಳು! ಪ್ರಾಕ್ಟೀಸ್ ತಪ್ಪಿಸೋಕೆ ನೆಪ!"

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಕೋಚ್‌ಗೂ ಫೋನ್ ಮಾಡಿ, "ನಮ್ಮವಳು ನಾಟಕದಲ್ಲಿ ಚಾಂಪಿಯನ್ನು. ಬಿಡಬೇಡಿ, ಚೆನ್ನಾಗಿ ಓಡಿಸಿ ಸಾರ್" ಎಂದುಬಿಟ್ಟ. ಅವರು ಓಡಿಸಿದರು. ಹುಡುಗಿ ಗೋಡೆ ಹಿಡಿದು ಕುಂಟುತ್ತಾ ಮನೆಗೆ ಬಂದಳು.

ಮೇಸ್ತ್ರಿ ಆಗಲೂ ಪಟ್ಟು ಬಿಡಲಿಲ್ಲ. ಗ್ಯಾರೇಜಿನಿಂದ ಬಂದವನು ಕೈಯನ್ನೂ ತೊಳೆಯದೆ, ಉಬ್ಬಿನ ಮೇಲೆ ಎರಡೂ ಹೆಬ್ಬೆರಳಿಟ್ಟು ದೇಹದ ಭಾರವೆಲ್ಲ ಬಿಟ್ಟು ಒತ್ತಿದ. ಉಬ್ಬು ಜಪ್ಪಯ್ಯ ಅನ್ನಲಿಲ್ಲ. ಮಗಳ ಚೀರಾಟಕ್ಕೆ ಅಕ್ಕಪಕ್ಕದ ಕಿಟಕಿಗಳೆಲ್ಲ ತೆರೆದುಕೊಂಡವು!

"ಅವಳೇನು ನಿಮ್ಮ ಗ್ಯಾರೇಜಿಗೆ ಬಂದ ಗಾಡೀನಾ?" ಎಂದು ಹೆಂಡತಿ ಗದರಿ, ಇಬ್ಬರನ್ನೂ ಆಸ್ಪತ್ರೆಗೆ ಹೊರಡಿಸಿದಳು.

ಡಾಕ್ಟರಮ್ಮ ಮಂಡಿಯನ್ನು ಮೆಲ್ಲಗೆ ಮುಟ್ಟಿ ನೋಡಿದರು. "ಇದು ಬೆಳೆಯೋ ವಯಸ್ಸಿನ ನೋವು. ಮೂಳೆ ಸರಸರ ಬೆಳೀತಿದೆ, ತೊಡೆಯ ಸ್ನಾಯು ಅದರ ಸಮಕ್ಕೆ ಹಿಗ್ಗುತ್ತಿಲ್ಲ. ಹಾರಿದಾಗಲೆಲ್ಲ ಅದು ಮಂಡಿ ಕೆಳಗಿನ ಮೂಳೇನ ಜಗ್ಗತ್ತೆ, ಅದಕ್ಕೇ ಈ ಉಬ್ಬು. ಓಡೋದು, ಹಾರೋದು ಸ್ವಲ್ಪ ಕಾಲ ಕಮ್ಮಿ ಮಾಡಲಿ. ಐಸ್ ಬಟ್ಟೇಲಿ ಸುತ್ತಿ ಇಡಿ. ತೊಡೆ ಹಿಗ್ಗಿಸೋ ವ್ಯಾಯಾಮ ಹೇಳಿಕೊಡ್ತೀನಿ. ಆಟ ಪೂರ್ತಿ ಬಿಡಬೇಕಾಗಿಲ್ಲ." ಆಮೇಲೆ ಕನ್ನಡಕ ಸರಿಮಾಡಿಕೊಂಡರು. "ಅದು ಸರಿ, ಇಷ್ಟು ಕೆಂಪಾಗೋ ಹಾಗೆ ಇದನ್ನ ಒತ್ತಿದ್ದು ಯಾರು?"

ಮಗಳು ಅಪ್ಪನ ಮುಖವನ್ನೊಮ್ಮೆ ನೋಡಿದಳು.

"ಯಾರೂ ಒತ್ತಿಲ್ಲ ಡಾಕ್ಟ್ರೇ. ಬಿದ್ದೆ."

ಡಾಕ್ಟರಮ್ಮ ಮಂಡಿಯ ಮೇಲಿದ್ದ ಎರಡು ಗ್ರೀಸ್ ಗುರುತು ನೋಡಿದರು. ಮೇಸ್ತ್ರಿಯ ಕಪ್ಪು ಕೈಗಳನ್ನು ನೋಡಿದರು.

"ಬಿದ್ದಿದ್ದು ಹೆಬ್ಬೆರಳಿನ ಮೇಲಾ?"

ಭೂಮಿ ಬಾಯ್ಬಿಟ್ಟು ನುಂಗಬಾರದೇ ಎನಿಸಿತು ಮೇಸ್ತ್ರಿಗೆ. ಸುಳ್ಳಿ ಎಂದು ತಾನು ಸಾರಿಕೊಂಡು ಬಂದ ಹುಡುಗಿ, ತನ್ನ ಮಾನ ಉಳಿಸಲು ಸುಳ್ಳು ಹೇಳುತ್ತಿದ್ದಾಳೆ!

"ನಾನೇ... ನಾನೇ ಒತ್ತಿದ್ದು ಡಾಕ್ಟ್ರೇ," ಎಂದ, ನೆಲ ನೋಡುತ್ತಾ.

ಹೊರಗೆ ಬಂದ ಮೇಲೆ ಮಗಳಿಗೆ ಹೆಗಲು ಕೊಟ್ಟು ಕೇಳಿದ: "ತಪ್ಪಾಯ್ತು ಮಗಳೇ. ಆದ್ರೆ ನೀನ್ಯಾಕೆ ಸುಳ್ಳು ಹೇಳೋಕೆ ಹೋದೆ?"

"ಹೇಳಿದ ತಕ್ಷಣ ಸಿಕ್ಕಿಬಿದ್ದೆ, ನೋಡಿದ್ಯಲ್ಲ! ನಂಗೆ ಸುಳ್ಳು ಹೇಳೋಕೇ ಬರಲ್ಲಪ್ಪ. ಈಗಲಾದ್ರೂ ನಂಬ್ತೀಯಾ?"